ಕಾಪಿ ತೆರೆದು ತೋರಿಸಿ, ಆಮೇಲೆ ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೆಟ್ಟಿಲ ಕೆಳಗಿನ ಕಿಷ್ಕಿಂಧೆಯಂಥ ಅಂಗಡಿಯಲ್ಲಿ ಹೆಂಗಸೊಬ್ಬರು ಲ್ಯಾಪ್‌ಟಾಪ್ ಚಾರ್ಜರಿನ ತಂತಿಯನ್ನು ಮೇಜಿನ ಕಾಲಿಗೆ ದಾರ ಸುತ್ತಿ ಬಿಗಿಯುತ್ತಿದ್ದಾರೆ. ನಾನು ನಮಸ್ಕಾರ ಹೇಳುತ್ತೇನೆ. ಅವರು ತಲೆ ಎತ್ತುವುದಿಲ್ಲ. "ಅಲ್ಲೇ ಕೂತ್ಕೊಳ್ಳಿ. ತಂತಿ ದಾಟ್ಬೇಡಿ, ಇದ್ರ ಬ್ಯಾಟರಿ ಸತ್ತಿದೆ. ಯಾರಾದ್ರೂ ಎಡವಿ ಕಿತ್ರೆ ನನ್ನ ಕಥೆ ಮುಗೀತು." ಸಂದರ್ಶನಕ್ಕೆ ಬಂದವನಿಗೆ ಸಿಕ್ಕ ಸ್ವಾಗತ ಇಷ್ಟು.

ಬೀದಿಯವರು ಇವರನ್ನು 'ಬೈಯೋ ಅಕ್ಕ' ಎನ್ನುತ್ತಾರೆ. ಹೆಸರು ಸುಮ್ಮನೆ ಬಂದದ್ದಲ್ಲ. ನಿಧಾನವಾದ ಹಳೆಯ ಲ್ಯಾಪ್‌ಟಾಪ್ ಹೊತ್ತು ಬರುವ ಜನಕ್ಕೆ ವಿಂಡೋಸ್ ಬದಲು ನಡೆಯುವ ಹಗುರವಾದ ಲಿನಕ್ಸ್ ಬೇಕು, ಇದ್ದ ವಿಂಡೋಸೂ ಹಾಗೇ ಇರಬೇಕು, ಒಂದು ಫೋಟೋ ಕೂಡ ಹೋಗಬಾರದು, ಟೀ ಕುಡಿದು ಬರುವಷ್ಟರಲ್ಲಿ ಮುಗಿಯಬೇಕು. ಹಾರ್ಡ್ ಡಿಸ್ಕಿನಲ್ಲಿ ಈಗಾಗಲೇ ತುಂಬಿರುವ ಭಾಗವನ್ನು, ಅಂದರೆ ಪಾರ್ಟಿಷನ್ನನ್ನು, ಕುಗ್ಗಿಸಿದರಷ್ಟೇ ಹೊಸದಕ್ಕೆ ಜಾಗ. ಸಂಸಾರ ಒಳಗಿರುವಾಗಲೇ ಮನೆಯ ಗೋಡೆ ಸರಿಸುವ ಕೆಲಸವಿದು. ಹೇಳಿದರೆ ಯಾರು ಕೇಳುತ್ತಾರೆ?

ಪಕ್ಕದ್ದು ವೆಲ್ಡಿಂಗ್ ಶಾಪ್. ಅವರು ಕೆಲಸ ಶುರು ಮಾಡಿದರೆ ಇಡೀ ಸಾಲಿನ ದೀಪಗಳು ಮಂಕಾಗುತ್ತವೆ. ಹಾಗಾಗಿ ಅಕ್ಕ ಈ ಕೆಲಸವನ್ನು ನಸುಕಿನಲ್ಲೇ ಮುಗಿಸುತ್ತಾರೆ. ಯುಪಿಎಸ್ ಇದೆ, ಆದರೆ ಅದನ್ನು ಅವರು ನಂಬುವುದಿಲ್ಲ. ಅವರು ಏನನ್ನೂ ನಂಬುವುದಿಲ್ಲ ಎಂದು ನನಗೆ ಬೇಗ ಗೊತ್ತಾಗುತ್ತದೆ.

ಇವತ್ತಿನ ಗಿರಾಕಿ ಮೂಲೆಯ ಕನ್ನಡಕದಂಗಡಿಯವರು. ಅವರ ತಂದೆಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿದೆ. ಮಗನಿಗೆ ಕೆಲಸ ಕಲಿಸುತ್ತಿದ್ದಾಗ ಅಪ್ಪ ಆಡಿದ ಮಾತುಗಳನ್ನು ಯಾವಾಗಲೋ ತಮಾಷೆಗೆ ರೆಕಾರ್ಡ್ ಮಾಡಿದ್ದರಂತೆ. ಆ ಧ್ವನಿ ಈಗ ಉಳಿದಿರುವುದು ಈ ಲ್ಯಾಪ್‌ಟಾಪಿನಲ್ಲಿ ಮಾತ್ರ.

"ಕಾಪಿ ತಗೊಂಡಿದ್ದೀರಾ?"

"ಹ್ಞೂ ಅಕ್ಕಾ, ಎಲ್ಲಾ ಡಿ ಡ್ರೈವ್‌ಗೆ ಹಾಕಿದ್ದೀನಿ."

ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. "ಸಿ, ಡಿ ಎರಡೂ ಒಂದೇ ಡಿಸ್ಕಪ್ಪಾ! ಮನೆಗೆ ಬೆಂಕಿ ಬೀಳತ್ತೆ ಅಂತ ಪಡಸಾಲೆ ಸಾಮಾನು ತಗೊಂಡ್ಹೋಗಿ ಅಡುಗೆಮನೇಲಿ ಇಟ್ರಾ?"

"ಪೆನ್‌ಡ್ರೈವ್‌ಗೂ ಹಾಕಿದ್ದೀನಿ."

"ತೆರೆದು ತೋರ್ಸಿ."

"ಇದೆ ಅಕ್ಕಾ. ನಾನೇ ಕೈಯಾರೆ ಹಾಕಿದ್ದು."

"ಅದಕ್ಕೇ ಕೇಳ್ತಿರೋದು."

ಇದು ಅಕ್ಕನ ಅಂಗಡಿಯ ಕಟ್ಟಳೆ. ಕಾಪಿಯನ್ನು ಬೇರೆ ಕಂಪ್ಯೂಟರಿನಲ್ಲಿ, ಅವರ ಕಣ್ಣೆದುರೇ ತೆರೆಯಬೇಕು. ಇಲ್ಲದಿದ್ದರೆ ಗಿರಾಕಿಯ ಯಂತ್ರಕ್ಕೆ ಅವರು ಕೈ ಹಚ್ಚುವುದಿಲ್ಲ. ಪೆನ್‌ಡ್ರೈವ್ ಸಿಕ್ಕಿಸುತ್ತಾರೆ. 'ಅಪ್ಪನ ಮಾತು' ಎಂಬ ಚಿಹ್ನೆ ಕಾಣುತ್ತದೆ. ಒತ್ತಿದರೆ ಉಸಿರಿಲ್ಲ. ಚಿಹ್ನೆಯ ಮೂಲೆಯಲ್ಲಿ ಪುಟ್ಟ ಬಾಣವೊಂದಿದೆ: ಅದು ಬರೀ ಶಾರ್ಟ್‌ಕಟ್, ಫೈಲು ಎಲ್ಲಿದೆ ಎಂದು ತೋರಿಸುವ ಗುರುತು ಮಾತ್ರ. ಮನೆ ಸಾಗಿಸುತ್ತೇನೆಂದು ಹೊರಟ ಪುಣ್ಯಾತ್ಮರು ಬಾಗಿಲ ಮೇಲಿನ ವಿಳಾಸದ ಫಲಕ ಕಿತ್ತು ತಂದಿದ್ದಾರೆ.

ಕನ್ನಡಕದಂಗಡಿಯವರ ಮುಖ ಬಿಳಿಚಿಕೊಳ್ಳುತ್ತದೆ. ಅಕ್ಕ ಬೈಯುತ್ತಲೇ ನಿಜವಾದ ಫೈಲನ್ನು ಹುಡುಕಿ ಹೊರಗಿನ ಡಿಸ್ಕಿಗೆ ಇಳಿಸುತ್ತಾರೆ. ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಒತ್ತುತ್ತಾರೆ. ಗಡಸು ಧ್ವನಿಯೊಂದು ಅಂಗಡಿ ತುಂಬುತ್ತದೆ: "ಲೆನ್ಸ್ ಹಂಗೆ ಹಿಡೀಬೇಡ್ವೋ ಕತ್ತೆ, ಬೆರಳಿನ ಗುರುತು ಬೀಳತ್ತೆ!" ಮಗ ಗೋಡೆಯ ಕಡೆ ತಿರುಗುತ್ತಾರೆ. ಅಕ್ಕ ಬೈಗುಳ ನಿಲ್ಲಿಸಿ, ರೆಕಾರ್ಡಿಂಗ್ ಪೂರ್ತಿ ಮುಗಿಯುವವರೆಗೂ ಕೈಕಟ್ಟಿ ಕೂರುತ್ತಾರೆ.

ಆಮೇಲೆ ಕೆಲಸ. ಈ ಲ್ಯಾಪ್‌ಟಾಪುಗಳು ಆರಿಸಿದರೂ ಪೂರ್ತಿ ಆರುವುದಿಲ್ಲವಂತೆ, ಬೇಗ ಏಳಲೆಂದು ಅರ್ಧ ಎಚ್ಚರವಾಗಿರುತ್ತವಂತೆ. "ನಿದ್ದೆ ಮಾಡೋರನ್ನ ಎಬ್ಬಿಸ್ಬಹುದು, ನಿದ್ದೆ ಬಂದೋರ ಹಾಗೆ ನಟಿಸೋರನ್ನ ಎಬ್ಬಿಸಕ್ಕಾಗಲ್ಲ" ಎಂದು ಗೊಣಗುತ್ತಾ ಮೊದಲು ಆ ಸೌಲಭ್ಯ ತೆಗೆಯುತ್ತಾರೆ. ಡಿಸ್ಕಿನಲ್ಲಿ ದೋಷವಿದೆಯೇ ಎಂದು ನೋಡುತ್ತಾರೆ. ಬಳಿಕ ವಿಂಡೋಸಿನದೇ ಸಾಧನದಿಂದ ಪಾರ್ಟಿಷನ್ ಕುಗ್ಗಿಸಲು ಕೊಡುತ್ತಾರೆ. ಪರದೆ ಅಲ್ಲಾಡುವುದಿಲ್ಲ. ಕಾಯಬೇಕು.

ಕಾಯುವಾಗ ನಾನು ಹಳೆಯದನ್ನು ಕೆದಕುತ್ತೇನೆ. ಕೆಲಸ ಕಲಿತ ಹೊಸತರಲ್ಲಿ ತಂಗಿಯ ಲ್ಯಾಪ್‌ಟಾಪಿಗೇ ಕೈ ಹಾಕಿದ್ದರಂತೆ. ಕಾಪಿ ಇರಲಿಲ್ಲ, ನಡುವೆ ಕರೆಂಟ್ ಹೋಯಿತು. ತಂಗಿಯ ಮಗುವಿನ ಮೊದಲ ವರ್ಷದ ಫೋಟೋಗಳೆಲ್ಲ ಹೋದವು. "ಇವತ್ತಿಗೂ ಅವ್ಳು ಒಂದು ಮಾತು ಅಂದಿಲ್ಲ. ಅಂದಿದ್ರೆ ಹಗುರ ಆಗ್ತಿತ್ತು" ಎನ್ನುತ್ತಾರೆ.

ಅಷ್ಟರಲ್ಲಿ ಕನ್ನಡಕದಂಗಡಿಯವರ ತಾಳ್ಮೆ ಕೆಟ್ಟಿದೆ. "ಇದು ಸಿಕ್ಕಾಕೊಂಡಿದೆ ಅಕ್ಕಾ, ಒಂದ್ಸಲ ಆಫ್ ಮಾಡಿ ಆನ್..." ಎನ್ನುತ್ತಾ ಬೆರಳು ಪವರ್ ಬಟನ್ನಿಗೆ ಹೋಗುತ್ತದೆ. ಅಕ್ಕ ಮಣಿಕಟ್ಟು ಹಿಡಿದೇ ಬಿಡುತ್ತಾರೆ. "ಕೈ ತೆಗೀರಿ! ಅಪ್ಪನ ಧ್ವನಿಗೋಸ್ಕರ ಈಗಷ್ಟೇ ಅತ್ರಲ್ರೀ, ಮರೆತುಹೋಯ್ತಾ?" ಅದೇ ಹೊತ್ತಿಗೆ ಪಕ್ಕದ ಶಟರ್ ದಡಬಡ ಮೇಲೇರುತ್ತದೆ. "ಸ್ವಲ್ಪ ತಡಿ ಮಾರಾಯಾ!" ಎಂದು ಅಕ್ಕ ಗೋಡೆ ಗುದ್ದುತ್ತಾರೆ. ಆಚೆಯಿಂದ ವೆಲ್ಡರ್ ಕೂಗುತ್ತಾರೆ: "ದಿನಾ ಇದೇ ಗೋಳಾಯ್ತಲ್ಲ ನಿಂದು!" ಆದರೂ ತಡೆಯುತ್ತಾರೆ, ಪಾಪ.

ಕೊನೆಗೆ ಜಾಗ ತೆರವಾಗುತ್ತದೆ. ಅಕ್ಕ ಆ ಖಾಲಿ ಜಾಗದಲ್ಲಷ್ಟೇ ಲಿನಕ್ಸ್ ಹಾಕುತ್ತಾರೆ. ಎರಡನ್ನೂ ಒಂದೊಂದು ಸಲ ಎಬ್ಬಿಸಿ, 'ಅಪ್ಪನ ಮಾತು' ಎರಡರಲ್ಲೂ ಕೇಳಿಸಿ, ಕಾಪಿಯನ್ನು ಗಿರಾಕಿಯ ಕೈಗಿಡುತ್ತಾರೆ.

ಕನ್ನಡಕದಂಗಡಿಯವರು ಲ್ಯಾಪ್‌ಟಾಪ್ ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾರೆ. "ಅಷ್ಟೇನಾ ಅಕ್ಕಾ? ಇದಕ್ಕಾ ಬೆಳಗ್ಗೆಯಿಂದ ಹಂಗೆ ಕೂಗಾಡಿದ್ದು?" ಎಂದು ನಡೆದೇ ಬಿಡುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಥ್ಯಾಂಕ್ಸ್ ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ನಾನು ಅದನ್ನೇ ಬಾಯಿಬಿಟ್ಟು ಹೇಳುತ್ತೇನೆ.

ಬೆಳಗಿನಿಂದ ಮೊದಲ ಸಲ ಅಕ್ಕ ನಗುತ್ತಾರೆ. "ಬಿಡಿ ಸಾರ್. ಅಳ್ತಾ ಬಂದು ಕೈಮುಗಿಯೋರು ಎಲ್ಲಾ ಕಳ್ಕೊಂಡು ಬಂದೋರು. ಅಂಥೋರು ನನ್ನ ಬಾಗ್ಲಿಗೆ ಬರೋದೇ ಬೇಡ. ಎಲ್ರೂ ಹಿಂಗೇ, 'ಅಷ್ಟೇನಾ' ಅಂತ ಬೈಕೊಂಡೇ ಹೋಗ್ಲಿ."