ಕರಿಯಾಡಿನ ನೀರು

ಬಸವಕಲ್ಯಾಣದ ತ್ರಿಪುರಾಂತ ಕಡೆಯ ಓಣಿಗಳಲ್ಲಿ ಆಡು ಗಬ್ಬವಾಗಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಜಿಜಾಬಾಯಿಗೆ ಹೇಳಿ ಕಳಿಸುತ್ತಿದ್ದರು. ಅವಳು ಬೈಯುತ್ತಲೇ ಒಳಗೆ ಬರುತ್ತಿದ್ದಳು. ಆಡನ್ನು ಬಿಸಿಲಿಗೆ ಕಟ್ಟಿದ್ದೀರಿ, ನೀರಿಟ್ಟಿಲ್ಲ, ಕೊರಳ ಹಗ್ಗ ಬಿಗಿಯಾಗಿದೆ. ಅವಳ ಕಣ್ಣಿಗೆ ತಪ್ಪಿಲ್ಲದ ಮನೆ ಇನ್ನೂ ಬಿದ್ದಿರಲಿಲ್ಲ. ಬೈಗುಳ ಮುಗಿದ ಮೇಲೆ ಕುಕ್ಕುರುಗಾಲಲ್ಲಿ ಕೂತು, ಆಡಿನ ಹೊಟ್ಟೆಯ ಕೆಳಗೆ ಎರಡೂ ಅಂಗೈ ಕೊಟ್ಟು, ಮೆಲ್ಲಗೆ ಎತ್ತಿ ಬಿಟ್ಟು, ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ಜಿಜಾಬಾಯಿ ಸುಮ್ಮನಿರುವುದನ್ನು ನೋಡಬೇಕಾದರೆ ಆ ಗಳಿಗೆಯಲ್ಲೇ ನೋಡಬೇಕು. ಆಮೇಲೆ "ಮರಿ ಅದ, ದೀಪಾವಳಿಗಿ ಈಯ್ತದ" ಎನ್ನುವಳು. ಅವಳ ಮಾತು ಬಹಳ ಸಲ ನಿಜವಾಗುತ್ತಿತ್ತು. ಸುಳ್ಳಾದರೆ ತಪ್ಪು ಆಡಿನದೇ ಆಗಿರುತ್ತಿತ್ತು.

ಗಂಡ ಪಂಡರಿ ಬೆಳಿಗ್ಗೆ ಹಿಂಡು ಹೊಡೆದುಕೊಂಡು ಕೋಟೆಯ ಹಿಂದಿನ ಬಯಲಿಗೆ ಹೋದರೆ ಹೊತ್ತು ಮುಳುಗುವಾಗ ಬರುವ ಮನುಷ್ಯ. ಮನೆಯಲ್ಲಿ ಅವನ ಪಾಲಿನ ಮಾತನ್ನೂ ಅವಳೇ ಆಡಿ ಮುಗಿಸುತ್ತಿದ್ದಳು. ಒಬ್ಬಳೇ ಮಗಳು ಸಾಕ್ಷಿಯನ್ನು ಹುಲಸೂರಿಗೆ ಕೊಟ್ಟಿದ್ದರು. ಗಂಡ ಹೆಂಡತಿ ಇಬ್ಬರೂ ಆಡಿನ ಹಾಲಿನ ಮೇಲೆ ಸಂಸಾರ ನಡೆಸುತ್ತಿದ್ದರು. ಕೂಸುಗಳಿಗೆ, ಕೆಮ್ಮುವ ಮುದುಕರಿಗೆ ಅವಳ ಹಾಲೇ ಬೇಕು. ಅದಕ್ಕೆ ಜಿಜಾಬಾಯಿ ಒಂದು ಕಟ್ಟಳೆ ಮಾಡಿಕೊಂಡಿದ್ದಳು. ಅವಳ ದೊಡ್ಡಿಗೆ ಸೂಜಿ ಬರಕೂಡದು. "ಸೂಜಿ ಚುಚ್ಚಿದ ಆಡಿನ ಹಾಲು ಕೂಸಿಗಿ ಕುಡಿಸಂಗಿಲ್ಲ ನಾ" ಎಂದು ಓಣಿಯ ನಡುವೆ ನಿಂತು ಹೇಳಿದ್ದಳು. ದನದ ಡಾಕ್ಟರರು ಆ ದಾರಿಯಲ್ಲಿ ಹೋಗುವಾಗ ಬೈಕಿನ ವೇಗ ಹೆಚ್ಚಿಸುತ್ತಿದ್ದರು ಎಂದು ಜನ ಆಡಿಕೊಂಡು ನಗುತ್ತಿದ್ದರು.

ಹೋದ ಚಳಿಗಾಲದಲ್ಲಿ ಅವಳ ಹೊಟ್ಟೆ ಮುಂದೆ ಬರತೊಡಗಿತು. ಮುಟ್ಟು ಹಿಂದುಮುಂದಾಗಿ ಬಹಳ ದಿನವಾಗಿತ್ತು. ನಲವತ್ತು ದಾಟಿದ ಮೇಲೆ ಹಾಗೇ ಎಂದು ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಬಸುರಾಗಿರಬಹುದೇ ಎಂಬ ಅನುಮಾನ ಬಂತು. ಅದೇ ಹೊತ್ತಿಗೆ ಸಾಕ್ಷಿ ಬಸುರಿಯೆಂಬ ಸುದ್ದಿ ಹುಲಸೂರಿನಿಂದ ಬಂದಿತ್ತು. ಮಗಳ ಜೊತೆ ತಾಯಿಯೂ ಬಸುರಿಯಾದರೆ ಬೀಗರಿಗೆ ಮುಖ ಹೇಗೆ ತೋರಿಸುವುದು? ಸೆರಗು ಅಗಲ ಮಾಡಿ ಹೊದ್ದುಕೊಂಡಳು, ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು. ಕೊನೆಗೊಂದು ಮಧ್ಯಾಹ್ನ ದೊಡ್ಡಿಯಲ್ಲಿ ಒಬ್ಬಳೇ ಇದ್ದಾಗ, ಊರ ಆಡುಗಳನ್ನು ನೋಡುವ ಹಾಗೆ ತನ್ನ ಹೊಟ್ಟೆಯನ್ನೂ ಎರಡು ಅಂಗೈಯಿಂದ ಎತ್ತಿ ಬಿಟ್ಟು ನೋಡಿದಳು. ಒಳಗೆ ಏನೋ ತುಂಬಿತ್ತು. ಆದರೆ ಅದು ಒದೆಯಲಿಲ್ಲ.

ಕೂಸಲ್ಲವೆಂದು ಮೊದಲು ಸಮಾಧಾನವಾಯಿತು. ಮತ್ತೇನು ಎಂಬ ಅಂಜಿಕೆ ಆಮೇಲೆ ಬಂತು. ಆಗ ಅವಳಿಗೆ ಕರಿಯಾಡು ನೆನಪಾಯಿತು. ಹಿಂದೊಮ್ಮೆ ಅವಳ ಹಿಂಡಿನ ಕರಿಯಾಡಿಗೆ ಮರಿಯೇ ಇಲ್ಲದೆ ಹೊಟ್ಟೆ ಊದಿತ್ತು. ಕೆಲವು ಆಡುಗಳಿಗೆ ಹಾಗಾಗುತ್ತದೆ, ಗರ್ಭದಲ್ಲಿ ಬರೀ ನೀರು ತುಂಬಿಕೊಳ್ಳುತ್ತದೆ. ಕಟುಕರಿಗೆ ಕೊಟ್ಟುಬಿಡೋಣ ಎಂದು ಪಂಡರಿ ಅಂದಿದ್ದ. ಇವಳು ಬಿಡಲಿಲ್ಲ. ಅಣ್ಣನ ಮನೆಯ ಕೆಲಸಕ್ಕೆಂದು ತವರೂರು ಬೇಮಳಖೇಡಕ್ಕೆ ಹೋಗಿ ಬರುವಷ್ಟರಲ್ಲಿ ಆಡಿನ ಹೊಟ್ಟೆ ಇಳಿದಿತ್ತು. "ನೀರು ತಾನಾಗೇ ಹೋತು" ಎಂದು ಪಂಡರಿ ಹೇಳಿದ್ದ. ಮುಂದಿನ ವರ್ಷ ಅದು ಅವಳಿ ಮರಿ ಈದಿತ್ತು. ತನ್ನದೂ ಅಂಥದೇ ನೀರು, ಕಾದರೆ ಇಳಿಯುತ್ತದೆ ಎಂದು ಜಿಜಾಬಾಯಿ ನಿಶ್ಚಯ ಮಾಡಿಕೊಂಡಳು. ಯಾರಿಗೂ ಹೇಳಲಿಲ್ಲ. ಊರ ಆಡುಗಳ ಹೊಟ್ಟೆ ಬಲ್ಲವಳು ತನ್ನ ಹೊಟ್ಟೆಯ ಬಗ್ಗೆ ಇನ್ನೊಬ್ಬರನ್ನು ಕೇಳುವುದೇ? ಕಾದಳು. ಶಿವರಾತ್ರಿ ಹೋಯಿತು, ಯುಗಾದಿ ಹೋಯಿತು. ಹೊಟ್ಟೆ ಇಳಿಯಲಿಲ್ಲ.

ಒಂದು ಬೆಳಿಗ್ಗೆ ಹಾಲು ಹಿಂಡುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ಅಲ್ಲೇ ಮುದುಡಿ ಬಿದ್ದಳು. ಹಾಲಿಗೆ ಬಂದಿದ್ದ ಪಕ್ಕದ ಮನೆಯ ದಿಲ್ಶಾದ್ ಬೇಗಂ ಅವಳನ್ನು ಎತ್ತಿ ಕೂರಿಸಿ, ಸೆರಗು ಸರಿಸಿ ನೋಡಿದಳು.

"ಏ ಜೀಜಾ, ಏನಿದು? ಎಷ್ಟು ದಿನ ಆತು?"

"ಗ್ಯಾಸ್ ಅದ ಆಪಾ."

"ಗ್ಯಾಸ್ ಹಿಂಗ ಇರ್ತದೇನು? ಗರ್ಭಚೀಲ ತಗಸಿದಾಕಿ ನಾ, ನಂಗ ಹೇಳಬ್ಯಾಡ. ಏಳು, ದವಾಖಾನಿಗಿ ಹೋಗೋಣು."

"ಇಲ್ಲಿ ಬ್ಯಾಡ. ಇಲ್ಲಿ ದವಾಖಾನ್ಯಾಗ ಅರ್ಧ ಮಂದಿ ನನ್ನ ಹಾಲಿನ ಗಿರಾಕಿ."

ಹಾಗಾಗಿ ಇಬ್ಬರೂ ಹುಮನಾಬಾದಿನ ಬಸ್ಸು ಹತ್ತಿದರು. ದಿಲ್ಶಾದ್ ಬೇಗಂ ಆಪರೇಷನ್ ಮಾಡಿಸಿಕೊಂಡಿದ್ದ ಆಸ್ಪತ್ರೆಯಲ್ಲಿ ಈಗ ಶೀತಲ್ ಎಂಬ ಹೆಣ್ಣು ಡಾಕ್ಟರ್ ಇದ್ದರು. ಹೊಟ್ಟೆಗೆ ತಣ್ಣನೆಯ ಅಂಟು ಸವರಿ, ಪರದೆ ನೋಡುತ್ತ ಬಹಳ ಹೊತ್ತು ಮಾತಾಡಲಿಲ್ಲ. ಇನ್ನೊಬ್ಬರು ಸುಮ್ಮನಿದ್ದರೆ ಎಷ್ಟು ಅಂಜಿಕೆಯಾಗುತ್ತದೆ ಎಂದು ಜಿಜಾಬಾಯಿಗೆ ಆಗ ಗೊತ್ತಾಯಿತು.

"ತತ್ತಿ ಬೆಳೆಯೋ ಚೀಲ ಇರ್ತದಲ್ಲ, ಅದ್ರ ಮ್ಯಾಲ ನೀರಿನ ಗಂಟು ಬೆಳದದ್ರಿ," ಎಂದರು ಡಾಕ್ಟರ್. "ಭಾಳ ಹೆಣ್ಮಕ್ಕಳಿಗಿ ಆಗ್ತದ. ಬಹಳಷ್ಟು ಸಾದಾ ಇರ್ತಾವ. ಆದ್ರ ನಿಮ್ಮದು ದೊಡ್ಡದದ, ಒಳಗ ಒಂದು ಕಡಿ ದಪ್ಪ ಕಾಣಾಕತ್ತದ. ರಕ್ತ ಹೈದರಾಬಾದಿಗಿ ಕಳಸ್ತೀನಿ. ಸ್ಕ್ಯಾನಿಂಗ್ ಕಲಬುರಗಿ ದೊಡ್ಡ ಡಾಕ್ಟರಿಗಿ ತೋರಸ್ತೀನಿ."

"ಕ್ಯಾನ್ಸರ್ ಅದೇನ್ರಿ?" ಎಂದು ಕೇಳಿದವಳು ದಿಲ್ಶಾದ್ ಬೇಗಂ. ಜಿಜಾಬಾಯಿಯ ಬಾಯಿಂದ ಆ ಶಬ್ದ ಹೊರಡುತ್ತಿರಲಿಲ್ಲ.

"ಈಗ ಹೌದೂ ಅನ್ನಾಕ ಬರಂಗಿಲ್ಲ, ಇಲ್ಲಾನೂ ಅನ್ನಾಕ ಬರಂಗಿಲ್ಲ. ಮುಂದಿನ ವಾರ ಫೋನ್ ಮಾಡಸ್ತೀನಿ." ಡಾಕ್ಟರ್ ಕೈ ಒರೆಸಿಕೊಳ್ಳುತ್ತ ಅವಳ ಮುಖ ನೋಡಿದರು. "ಇಷ್ಟು ದೊಡ್ಡದಾಗೋ ತನಕ ಯಾಕ ಸುಮ್ನ ಕುಂತ್ರಿ?"

ಆಡಿನ ಕತೆ ನಾಲಿಗೆಯ ತುದಿಗೆ ಬಂತು. ಹೇಳಲು ನಾಚಿಕೆಯಾಯಿತು. ಸೀರೆ ಸರಿ ಮಾಡಿಕೊಂಡು ಕೆಳಗಿಳಿದಳು.

ಆ ವಾರವನ್ನು ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹಾಲು ಹಿಂಡಿದಳು, ದೊಡ್ಡಿಯ ಹಿಕ್ಕೆ ಗುಡಿಸಿದಳು. ಅದು ಬಡಿದುಕೊಂಡಾಗಲೆಲ್ಲ ಹಿಡಿದ ಕೆಲಸ ಬಿಟ್ಟು ನಿಲ್ಲುತ್ತಿದ್ದಳು. ಎತ್ತಿದರೆ ಕಂಪನಿಯ ಹುಡುಗಿ ರಿಚಾರ್ಜ್ ಮುಗಿಯಿತು ಎನ್ನುವಳು. ಆ ಹುಡುಗಿಗೆ ಬಿದ್ದ ಬೈಗುಳ ಬೇರೆ ಯಾರಿಗೂ ಬೀಳದಿರಲಿ. ಹೊಟ್ಟೆಯಲ್ಲಿ ಗಂಟಾಗಿ ಸೊಲ್ಲಾಪುರದ ತನಕ ಹೋಗಿ ಬಂದರೂ ಉಳಿಯದ ದುಬಲಗುಂಡಿಯ ಹೆಂಗಸು, ತವರೂರಿನ ಒಬ್ಬ ಸೊಸೆ, ಹೀಗೆ ತಾನು ಕೇಳಿದ್ದವರನ್ನೆಲ್ಲ ನೆನಪು ಮಾಡಿಕೊಂಡು ದಿಲ್ಶಾದ್ ಬೇಗಂ ಮುಂದೆ ಹೇಳುತ್ತಿದ್ದಳು.

"ಸತ್ತವರನ್ನಷ್ಟೇ ನೆನಸ್ತೀ. ನಾ ನಿನ್ನ ಮುಂದ ಕುಂತು ಚಹಾ ಕುಡ್ಯಾಕತ್ತೀನಿ, ನಾ ಕಾಣಂಗಿಲ್ಲೇನು?" ಎಂದು ದಿಲ್ಶಾದ್ ಬೇಗಂ ರೇಗಿದಳು. "ಇಷ್ಟು ಫಿಕರ್ ಮಾಡಬ್ಯಾಡ, ಜೀಜಾ. ಪಂಡರಿಗಿ ಹೇಳಿದೇನು?"

ಹೇಳಿರಲಿಲ್ಲ. ಬಸ್ಸಿನಲ್ಲಿ ಹುಮನಾಬಾದಿಗೆ ಹೋಗಿದ್ದು ಆಪಾನ ಕೆಲಸಕ್ಕೆ ಎಂದಿದ್ದಳು. ಅವನು ಹೂಂ ಎಂದಿದ್ದ.

ಆ ನಡುವೆ ಓಣಿಯ ಮಹಾರುದ್ರಪ್ಪನವರ ಮನೆಯಿಂದ ಕರೆ ಬಂತು, ಆಡು ನೋಡಬೇಕೆಂದು. ಹೋದಳು. ಯಾರನ್ನೂ ಬೈಯದೆ ಕೂತು, ಅಂಗೈ ಕೊಟ್ಟು ಕಣ್ಣು ಮುಚ್ಚಿದಳು. ಏನೂ ತಿಳಿಯಲಿಲ್ಲ. ಒಳಗಿರುವುದು ಮರಿಯೋ, ನೀರೋ, ಮೇವೋ, ಕೈ ಏನನ್ನೂ ಹೇಳಲಿಲ್ಲ. "ನಾಳಿ ಬರ್ತೀನ್ರಿ" ಎಂದು ಎದ್ದುಬಂದಳು. ತನ್ನ ಕೈಯನ್ನೇ ನಂಬದಂತಾಗಿದ್ದು ಹೊಟ್ಟೆಯ ನೋವಿಗಿಂತ ಹೆಚ್ಚು ಕಾಡಿತು.

ಅಷ್ಟರಲ್ಲಿ ಸಾಕ್ಷಿಯ ಫೋನ್ ಬಂತು. ಬರುವ ಸೋಮವಾರ ಹುಲಸೂರಿನಲ್ಲಿ ಕುಬಸ. ತವರಿನವರು ಹಸಿರು ಸೀರೆ, ಹಸಿರು ಬಳೆ ಒಯ್ದು, ತಾಯಿ ಮಗಳ ಉಡಿ ತುಂಬಿ, ಹೆರಿಗೆಗೆ ತವರಿಗೆ ಕರೆದುಕೊಂಡು ಬರುವ ದಿನ. "ಅವ್ವಾ, ನೀ ಜಲ್ದಿ ಬಾ. ನೀ ಬರೋ ತನಕ ನಾ ಬಳಿ ಇಟ್ಕೊಳ್ಳಂಗಿಲ್ಲ," ಎಂದು ಮಗಳು ನಗುತ್ತಿದ್ದಳು. ಜಿಜಾಬಾಯಿ ಹೂಂ ಎಂದು ಫೋನ್ ಇಟ್ಟು ಗೋಡೆಗೆ ಒರಗಿದಳು. ಹೊಟ್ಟೆಯಲ್ಲಿ ಏನಿದೆಯೋ ಗೊತ್ತಿಲ್ಲದವಳು ತುಂಬು ಬಸುರಿಯ ಉಡಿಗೆ ಅಕ್ಕಿ ಹಾಕುವುದೇ? ತನ್ನ ಕೆಟ್ಟದ್ದು ಮಗಳಿಗೆ, ಹುಟ್ಟುವ ಕೂಸಿಗೆ ತಗುಲಿದರೆ? ಹಾಗೆ ತಗುಲುವುದಿಲ್ಲ ಎಂದು ಡಾಕ್ಟರು ನೂರು ಸಲ ಹೇಳಿದ್ದರೂ ಅವಳು ನಂಬುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ರೊಟ್ಟಿ ಕಟ್ಟಿಕೊಂಡು ಕೋಟೆಯ ಹಿಂದಿನ ಬಯಲಿಗೆ ಹೋದಳು. ಪಂಡರಿ ಬೇವಿನ ನೆರಳಲ್ಲಿ ಕೂತು ರೊಟ್ಟಿ ಮುರಿದ.

"ಸೋಮಾರ ಕುಬಸಕ್ಕ ನಿಮ್ಮ ತಂಗೀನ ಕಳಸ್ರಿ. ಉಡಿ ಅಕಿ ತುಂಬಲಿ."

"ತಾಯಿ ಇದ್ದೂ?"

"ನನ್ನ ಕೈಲೆ ಬ್ಯಾಡ."

ಅವನು ಅವಳ ಮುಖವನ್ನೇ ನೋಡಿದ. ಆ ಮನುಷ್ಯ ಹಾಗೆ ನೋಡಿ ಯಾವ ಕಾಲವಾಗಿತ್ತೋ. ಜಿಜಾಬಾಯಿಗೆ ತಡೆಯಲಾಗಲಿಲ್ಲ. ಹೊಟ್ಟೆ, ಹುಮನಾಬಾದು, ಹೈದರಾಬಾದಿಗೆ ಹೋದ ರಕ್ತ, ಎಲ್ಲವನ್ನೂ ಹೇಳಿ ಅತ್ತಳು. "ನಮ್ಮ ಕರಿಯಾಡಿಂದು ತಾನಾಗೇ ಇಳೀತಲ್ರಿ, ಹಂಗ ನಂದೂ ಇಳೀತದ ಅಂತ ಕಾಯ್ಕೊಂತ ಕುಂತೆ. ಚಳಿಗಾಲದಿಂದ ಕುಂತೀನಿ."

ಪಂಡರಿ ಕೈಯಲ್ಲಿದ್ದ ತುತ್ತನ್ನು ಬಟ್ಟೆಯ ಮೇಲೆ ಇಟ್ಟ.

"ಅದು ತಾನಾಗೇ ಇಳೀಲಿಲ್ಲ," ಎಂದ.

ಅವಳಿಗೆ ಅರ್ಥವಾಗಲಿಲ್ಲ.

"ನೀ ಬೇಮಳಖೇಡಕ್ಕ ಹೋದಾಗ ದನದ ಡಾಕ್ಟರನ್ನ ಕರಸಿದ್ದೆ. ಸೂಜಿ ಹಾಕಿದ್ರು. ಮರದಿನ ನೀರು ಹೋತು." ಅವನ ದನಿ ತೀರ ಇಳಿದಿತ್ತು. "ನಿಂಗ ಹೇಳಿದ್ರ ಮನಿ ಮುರದು ಹಾಕ್ತಿದ್ದಿ. ಅದಕ್ಕ ತಾನಾಗೇ ಹೋತು ಅಂದೆ."

ಆಡುಗಳು ಮೇಯುತ್ತಿದ್ದವು. ಅವುಗಳ ನಡುವೆ ಕರಿಯಾಡೂ ಇತ್ತು. ಈಗ ಅದಕ್ಕೆ ವಯಸ್ಸಾಗಿತ್ತು. ಜಿಜಾಬಾಯಿ ಅದನ್ನೇ ನೋಡುತ್ತ ಕೂತಳು. ಇಷ್ಟು ತಿಂಗಳು ತಾನು ನೆಚ್ಚಿ ಕೂತಿದ್ದು ಗಂಡನ ಒಂದು ಸುಳ್ಳನ್ನು. ಅವಳಿಗೆ ಸಿಟ್ಟು ಬಂತು, ಅವನ ಕೊರಳು ಹಿಡಿಯುವಷ್ಟು ಬಂತು. ಆದರೆ ಆ ಸುಳ್ಳು ಯಾಕೆ ಹುಟ್ಟಿತು ಎಂದು ನೋಡಿದರೆ ಅದು ತನ್ನ ಬಾಯಿಗೆ ಹೆದರಿ ಹುಟ್ಟಿದ್ದು. ಬೈಯಲಿಕ್ಕೂ ಜಾಗವಿಲ್ಲದ ಹಾಗಾಯಿತು. ಎದ್ದು, ಬುತ್ತಿಯ ಬಟ್ಟೆಯನ್ನೂ ತೆಗೆದುಕೊಳ್ಳದೆ ಮನೆಗೆ ಬಂದಳು. ಆ ದಿನ, ಮರುದಿನ ಇಬ್ಬರ ನಡುವೆ ಮಾತಿರಲಿಲ್ಲ. ಮನೆ ಅಷ್ಟು ನಿಶ್ಶಬ್ದವಾಗಿದ್ದನ್ನು ಕಂಡು ಓಣಿಯವರು ಯಾರೋ ತೀರಿಕೊಂಡರೇ ಎಂದು ವಿಚಾರಿಸಿದರು.

ಶುಕ್ರವಾರ ಬೆಳಿಗ್ಗೆಯೇ ಆಸ್ಪತ್ರೆಯ ನರ್ಸ್ ಫೋನ್ ಮಾಡಿದಳು. ರಿಪೋರ್ಟ್ ಬಂದಿದೆ, ಮೇಡಂ ಎದುರಿಗೇ ಮಾತಾಡುತ್ತಾರೆ, ಬನ್ನಿ ಎಂದಳು. ಒಳ್ಳೆಯದಿದ್ದರೆ ಫೋನಿನಲ್ಲೇ ಹೇಳುತ್ತಿರಲಿಲ್ಲವೇ ಎಂದು ಜಿಜಾಬಾಯಿ ಅಂದುಕೊಂಡಳು. ಚಪ್ಪಲಿ ಮೆಟ್ಟಿ ಹೊರಬಂದರೆ ಪಂಡರಿ ಒಗೆದ ಅಂಗಿ, ತಲೆಗೆ ಟೋಪಿ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದ. ಆಡುಗಳು ದೊಡ್ಡಿಯಲ್ಲೇ ಒದರುತ್ತಿದ್ದವು. ಹಿಂಡು ಬಿಟ್ಟು ಅವನು ಹಗಲಲ್ಲಿ ಎಲ್ಲಿಗೂ ಹೋದವನಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಹುಮನಾಬಾದಿನ ತನಕ ಹಾಗೇ ಕೂತಿದ್ದ.

ಡಾಕ್ಟರ್ ಶೀತಲ್ ಕಾಗದಗಳನ್ನು ಬದಿಗಿಟ್ಟರು. "ರಕ್ತದಾಗ ಅಂಥಾ ಅಂಜೋವಂಥದ್ದು ಕಂಡಿಲ್ರಿ. ಅಷ್ಟು ಛೊಲೋ ಆತು. ಆದ್ರ ಆ ದಪ್ಪ ಜಾಗಾದ್ದು ಕಲಬುರಗಿಯವ್ರೂ ಪಕ್ಕಾ ಹೇಳವಲ್ರು. ಗಂಟು ತಗದು, ಅದನ್ನ ತಪಾಸಣಿಗಿ ಕಳಿಸಿದ ಮ್ಯಾಲೇ ಖರೇ ಗೊತ್ತಾಗೋದು. ತಡಾ ಮಾಡೋದು ಬ್ಯಾಡ."

ಮತ್ತೆ ಹೌದೂ ಇಲ್ಲ, ಇಲ್ಲವೂ ಇಲ್ಲ. ಮತ್ತೆ ಕಾಯುವುದು. ಜಿಜಾಬಾಯಿ ಮೇಜಿನ ಅಂಚು ಹಿಡಿದುಕೊಂಡಳು.

"ಡಾಕ್ಟರ್ ಬಾಯಿ, ಮಗಳು ಹೆರಿಗಿಗಿ ಬರೋಳಿದ್ದಾಳ. ಒಬ್ಬಾಕಿ ಮಗಳು. ಬಾಣಂತನ ಯಾರು ಮಾಡ್ತಾರ? ಅದು ಮುಗೀಲಿ, ಆಮ್ಯಾಗ ಬರ್ತೀನಿ. ಅಷ್ಟರಾಗ ಇದು ಇಳದ್ರೂ ಇಳೀಬಹುದು..."

"ಇಳ್ಯಂಗಿಲ್ಲ."

ಹೇಳಿದ್ದು ಡಾಕ್ಟರ್ ಅಲ್ಲ. ಬಾಗಿಲ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಪಂಡರಿ.

"ತಾನಾಗೇ ಇಳ್ಯಂಗಿಲ್ಲ," ಎಂದ ಮತ್ತೊಮ್ಮೆ, ಅವಳನ್ನೇ ನೋಡುತ್ತ. "ಬಾಣಂತಿಗಿ ನೀರು ನಾ ಕಾಸ್ತೀನಿ. ಕೂಸಿನ ಬಟ್ಟಿ ನಾ ಒಗೀತೀನಿ. ನೀ ಹಾಸಿಗಿ ಮ್ಯಾಲ ಕುಂತು ನನ್ನ ಬೈಕೋತ ಇರು."

ಡಾಕ್ಟರ್ ತಲೆ ತಗ್ಗಿಸಿ ಪೆನ್ನು ಹುಡುಕಿದರು. ಜಿಜಾಬಾಯಿ ಅವನಿಗೆ ಏನಾದರೂ ಅನ್ನಲು ಬಾಯಿ ತೆರೆದಳು, ಅಭ್ಯಾಸ ಹಾಗಿತ್ತು. ಬಂದದ್ದು ಕಣ್ಣೀರು. ಸೆರಗಿನಿಂದ ಮುಖ ಒರೆಸಿಕೊಂಡು ಡಾಕ್ಟರ ಕಡೆ ತಿರುಗಿದಳು.

"ಸೋಮಾರ ಮಗಳ ಉಡಿ ತುಂಬೋದದ್ರಿ. ಅದು ನಾನೇ ತುಂಬಬೇಕು," ಎಂದಳು. "ಮಂಗಳಾರ ಬರ್ತೀನಿ."