ಎತ್ತಿ ಹಿಡಿದ ಗದ್ದ

ದನದ ಡಾಕ್ಟರ್ ಆಗಿ ನಾನು ಅತಿ ಹೆಚ್ಚು ಬೈದದ್ದು ಗೊಟ್ಟಕ್ಕೆ. ಬಿದಿರಿನ ಕೊಳವೆಯಲ್ಲಿ ಔಷಧ ತುಂಬಿ, ದನದ ಮೂತಿ ಮೇಲೆತ್ತಿ ಹಿಡಿದು ಗಂಟಲಿಗೆ ಸುರಿಯುವುದನ್ನೇ ಗೊಟ್ಟ ಹಾಕುವುದು ಅನ್ನುತ್ತಾರೆ. ನಮ್ಮ ಕಡೆ ದನ ನೆಲ ಹಿಡಿಯಿತೆಂದರೆ ಡಾಕ್ಟರನಿಗೆ ಫೋನು ಹೋಗುವ ಮೊದಲೇ ಗೊಟ್ಟ ಹೊರಬರುತ್ತದೆ. ಉದಗೀರಿನಲ್ಲಿ ಓದುವಾಗ ನಮ್ಮ ಸರ್ ಒಬ್ಬರು ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಎಮ್ಮೆಯಾಗಲಿ, ನಾಯಿಯಾಗಲಿ, ಮನುಷ್ಯನಾಗಲಿ, ಗಂಟಲಲ್ಲಿ ಉಸಿರಿನ ದಾರಿ ಮತ್ತು ಅನ್ನದ ದಾರಿ ಒಂದನ್ನೊಂದು ದಾಟುತ್ತವೆ, ನುಂಗುವ ಶಕ್ತಿ ಸೋತಾಗ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು. ಪರೀಕ್ಷೆಯಲ್ಲಿ ಇದರ ಚಿತ್ರ ಬರೆದು ನಾನು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ.

ನಿಲಂಗಾ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಮುದುಕಿಯ ಎಮ್ಮೆ ಕರು ಹಾಕಿದ ಮರುದಿನವೇ ಮಲಗಿತು. ಸುಣ್ಣದಂಶ ಕಡಿಮೆಯಾಗಿ ಹಾಗಾಗುತ್ತದೆ, ರಕ್ತಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬಹಳಷ್ಟು ಸಲ ಎದ್ದು ನಿಲ್ಲುತ್ತದೆ. ನಾನು ಮೋಟಾರ್‌ಸೈಕಲ್ ಮೇಲೆ ಮುಟ್ಟುವಷ್ಟರಲ್ಲಿ ಆಕೆ ಬೆಲ್ಲ, ಎಣ್ಣೆ, ಅಜವಾನ ಕಲಸಿ ಗೊಟ್ಟ ಹಾಕಿ ಮುಗಿಸಿದ್ದಳು. ಮೂರನೆಯ ದಿನ ಎಮ್ಮೆ ಉಸಿರಿಗೆ ಒದ್ದಾಡಿ ಸತ್ತಿತು. ಊರ ಮಂದಿಯ ಮುಂದೆಯೇ ನಾನು ಆಕೆಗೆ, ಎಮ್ಮೆಯನ್ನು ರೋಗ ಕೊಲ್ಲಲಿಲ್ಲ, ನಿನ್ನ ಕೈ ಕೊಂದಿತು ಎಂದೆ. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಸತ್ಯ ಹೇಳಿದೆನೆಂಬ ಸಮಾಧಾನದಲ್ಲಿ ನಾನು ಆಕೆಯ ಮನೆಯಲ್ಲೇ ಚಹಾ ಕುಡಿದು ಬಂದೆ. ಇವತ್ತಿಗೂ ಆ ಚಹಾ ನೆನಪಾದರೆ ಮೈ ಹಿಡಿಯಾಗುತ್ತದೆ.

ಅದೇ ವರ್ಷ ಅಪ್ಪನಿಗೆ ಲಕ್ವಾ ಹೊಡೆಯಿತು. ಎಡಗೈ ಸೋತಿತು, ತುಟಿ ಒಂದು ಕಡೆ ಜೋತಿತು, ಆದರೆ ಬುದ್ಧಿ ಚುರುಕಾಗಿಯೇ ಇತ್ತು. ದಾಳಿಂಬದ ಹೊಲ ಬೇರೆಯವರಿಗೆ ಲಾವಣಿಗೆ ಹಾಕಿ ಅವರನ್ನು ಉಮರ್ಗಾಕ್ಕೆ, ನನ್ನ ಮನೆಗೆ ಕರೆತಂದೆ. ಲಿಂಗಪೂಜೆ ಆಗದೆ ಅಪ್ಪ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಸೋತ ಅಂಗೈಯಲ್ಲಿ ಲಿಂಗವಿಟ್ಟು, ಅದರಡಿ ನನ್ನ ಕೈ ಆಸರೆ ಕೊಟ್ಟು, ಪೂಜೆ ಮಾಡಿಸುತ್ತಿದ್ದೆ. ಆಮೇಲೆ ಲಿಂಗಕ್ಕೆ ಎರೆದ ನೀರು, ಕರುಣೋದಕ, ಬಟ್ಟಲಿನಿಂದ ಬಾಯಿಗೆ. ಅದರ ಒಂದು ಹನಿಯೂ ನೆಲಕ್ಕೆ ಬೀಳಬಾರದು. ಜೋತ ತುಟಿಯಿಂದ ಸೋರಿ ಬಿದ್ದೀತೆಂದು ನಾನು ಅಪ್ಪನ ಗದ್ದ ಮೇಲೆತ್ತಿ, ತಲೆ ಹಿಂದಕ್ಕೆ ಹಿಡಿದು, ಹುಯ್ಯುತ್ತಿದ್ದೆ.

ಅಪ್ಪ ಕೆಮ್ಮುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ದನಿ ನೀರು ತುಂಬಿದ ಹಾಗೆ ಗೊರಗುಡುತ್ತಿತ್ತು. ಸಂಜೆ ಸಂಜೆಗೆ ಜ್ವರ. ನಾನು ಹವಾಮಾನವನ್ನು ದೂರಿದೆ, ಕೆಮ್ಮಿನ ಔಷಧ ತಂದೆ, ಅದನ್ನೂ ಗದ್ದ ಎತ್ತಿಯೇ ಹುಯ್ದೆ. ಒಂದು ದಿನ ಕರುಣೋದಕವೆಲ್ಲ ಕೆಮ್ಮಿನ ಜೊತೆ ನನ್ನ ಅಂಗಿಯ ಮೇಲೆ ಚೆಲ್ಲಿದಾಗ, ದೇವರ ನೀರೂ ನೆಟ್ಟಗೆ ಕುಡಿಯಲು ಬರುವುದಿಲ್ಲವೇನು ಎಂದು ಗದರಿದೆ. ಅಪ್ಪ ಟವೆಲ್‌ನಿಂದ ನನ್ನ ಅಂಗಿ ಒರೆಸಿದರು.

ಕೆಲವು ದಿನಗಳ ನಂತರ ಆ ಮುದುಕಿ ಮನೆಗೆ ಬಂದಳು. ಉಮರ್ಗಾದಲ್ಲಿದ್ದ ಮಗಳ ಮನೆಗೆ ಬಂದವಳು, ಆ ಎಮ್ಮೆಯ ಕರು ಬಾಟಲಿ ಹಾಲು ಕುಡಿದರೆ ಕೆಮ್ಮುತ್ತದೆ, ಏನು ಮಾಡಲಿ ಎಂದು ಕೇಳಲು ಬಂದಿದ್ದಳು. ಪೂಜೆಯ ಹೊತ್ತು. ಕೂತಿರು ಎಂದು ಹೇಳಿ ನಾನು ಅಪ್ಪನ ಗದ್ದ ಎತ್ತಿದೆ. ಅಪ್ಪ ಕೆಮ್ಮಿ ಕೆಮ್ಮಿ ನೀಲಿಗಟ್ಟಿದರು. ಮುದುಕಿ ಎದ್ದು ಬಂದು ಅಪ್ಪನ ತಲೆಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿ ಬೆನ್ನು ನೀವಿದಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು.

“ಸಾಹೇಬ್ರ, ನನ್ನ ಎಮ್ಮಿಗಿ ನಾ ಹಿಂಗೇ ಹಿಡದಿದ್ದೆ.”

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನು ಸಿಟ್ಟಾದರೂ ಆಗುತ್ತಿದ್ದೆ.

ಅವತ್ತೇ ಅಪ್ಪನನ್ನು ಲಾತೂರಿನ ದವಾಖಾನೆಗೆ ಕರೆದೊಯ್ದೆ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗ ಬೆಳ್ಳಗಾಗಿತ್ತು. ಇನ್ನೂ ನಾಲ್ಕು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಅಲ್ಲಿನ ಡಾಕ್ಟರು. ಜ್ವರ ಇಳಿದ ಮೇಲೆ ನುಂಗುವುದನ್ನು ಪರೀಕ್ಷಿಸುವ ಹುಡುಗಿಯೊಬ್ಬಳು ಬಂದಳು, ಉದಗೀರಿನವಳು, ನಮ್ಮದೇ ಕನ್ನಡ. ಗಂಟಲಿಗೆ ಬೆರಳಿಟ್ಟು, ಒಂದು ಚಮಚ ನೀರು, ಒಂದು ಚಮಚ ಗಟ್ಟಿ ಗಂಜಿ ಕೊಟ್ಟು ನೋಡಿದಳು. ಗಂಜಿ ಇಳಿಯಿತು, ನೀರು ದಾರಿ ತಪ್ಪಿತು. ನೆಟ್ಟಗೆ ಕೂರಿಸಿ, ಗದ್ದ ಎದೆಗೆ ತಾಗಿಸಿ, ಎಲ್ಲವನ್ನೂ ಗಟ್ಟಿ ಮಾಡಿಯೇ ಕೊಡಬೇಕು, ಸದ್ಯ ತೆಳ್ಳನೆಯ ನೀರು ಬೇಡ ಎಂದಳು. ಕರುಣೋದಕದ ಬಗ್ಗೆ ಅಪ್ಪನೇ ಕೇಳಿದರು. ಬೆರಳಿಂದ ತುಟಿಗೆ ಹಚ್ಚಿದರೆ ಸಾಕಾಗುವುದಿಲ್ಲವೇ ಅಜ್ಜಾ ಎಂದು ಆಕೆ ಕೇಳಿದಳು. ಅಪ್ಪ ಆಗಲಿ ಎಂದು ತಲೆಯಾಡಿಸಿದರು.

ಮನೆಯಲ್ಲಿ ಬಾಯಿಗೆ ನೀರು ಹಾಕುತ್ತಿದ್ದವರು ಯಾರು, ಏನು ಕೆಲಸ ಮಾಡುತ್ತಾರೆ ಎಂದು ಕೇಳಿ ಆಕೆ ಬರೆದುಕೊಳ್ಳಲು ಪೆನ್ನು ತೆಗೆದಳು. ನಾನೇ, ಹೊಲ ನೋಡಿಕೊಂಡಿದ್ದೇನೆ ಎಂದೆ. ಇಪ್ಪತ್ತು ವರ್ಷದ ನೌಕರಿಯನ್ನು ಒಂದೇ ಮಾತಿನಲ್ಲಿ ನುಂಗಿಬಿಟ್ಟೆ. ಅಪ್ಪ ಹಾಸಿಗೆಯಿಂದ ಕೈ ಎತ್ತಿ ಆಕೆಯನ್ನು ತಡೆದರು.

“ಸುಳ್ಳ ಹೇಳ್ತಾನವಾ. ದನದ ಡಾಕ್ಟರ್ ಅದಾನ. ಗಂಟಲ ಬ್ಯಾನಿ ಅಂವಗ ಛಲೋ ಗೊತ್ತದ. ಕೆಮ್ಮು ಬಂದ್ರೂ ಅದಕ್ಕೇ ಅವನ ಕೈಲಿ ಸುಮ್ಮನ ಕುಡೀತಿದ್ದೆ.”