ಎದುರಾಳಿ ಸಿಗದ ಆಪಾ

ಆಪಾಳ ಎಡಗಿವಿ ಕರಿದ ಸಂಡಿಗೆಯಂತೆ ಮುರುಟಿ ಗಟ್ಟಿಯಾಗಿತ್ತು. ಝುಮಕಿ ಹಾಕಿದರೆ ಅಡ್ಡ ತೂಗುತ್ತಿತ್ತು. ಮನೆಯಲ್ಲಿ ತಮ್ಮಂದಿರ ಜೊತೆ ಕುಸ್ತಿ ಹಿಡಿದು ಹಿಡಿದು ಹಾಗಾದ ಕಿವಿ. ಬನಹಟ್ಟಿಯ ಮಗ್ಗದ ಓಣಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ; ಅವಳ ತಮ್ಮಂದಿರಂತೆ ನಾನೂ ಅಕ್ಕ ಎನ್ನದೆ ಆಪಾ ಎನ್ನುತ್ತಿದ್ದೆ. ಈ ಕಿವಿ ನೋಡಿ ಯಾರು ನಿಕಾ ಆಗುತ್ತಾರೆಂದು ಅವಳ ತಾಯಿ ಅತ್ತರೆ, "ಓಢಣಿ ಹೊತ್ತರ ಕಾಣೂದಿಲ್ಲ ಬಿಡಮ್ಮಿ" ಎನ್ನುತ್ತಿದ್ದಳು.

ನಮ್ಮ ಕಾಲೇಜಿನಲ್ಲಿ ಕುಸ್ತಿಗೆ ಹೆಸರು ಕೊಟ್ಟ ಮೊದಲ ಹುಡುಗಿ ಆಕೆ. ವಿಶ್ವವಿದ್ಯಾಲಯದ ಆಯ್ಕೆಗೆ ಹೋಗಬೇಕಾದರೆ ಕಾಲೇಜಿನಲ್ಲಿ ಒಂದು ಕುಸ್ತಿ ಗೆಲ್ಲಬೇಕು. ಎದುರಾಳಿಯೇ ಇಲ್ಲ.

"ಇನ್ನೊಬ್ಬಾಕಿನ್ನ ಕರಕೊಂಡ ಬಾರವಾ, ಇಲ್ಲಾಂದ್ರ ನಿನ್ನ ಹೆಸರ ಕಳಸಾಕ ಬರೂದಿಲ್ಲ" ಎಂದರು ಕ್ರೀಡಾ ಮಾಸ್ತರರು.

ಆ ಇನ್ನೊಬ್ಬಾಕಿ ನಾನು. ಸೈಕಲ್ಲಿನ ಹಿಂದೆ ಕೂರಲೂ ಹೆದರುತ್ತಿದ್ದವಳು. ಇಡೀ ವಾರ ಊಟ ಸೇರಲಿಲ್ಲ.

"ನೀ ಬರೇ ಬೀಳ ಬೇ, ಉಳಿದದ್ದು ನಾ ನೋಡ್ಕೋತೀನಿ" ಎಂದಿದ್ದಳು ಆಪಾ.

ಗರಡಿಯೊಳಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಕಾಲೇಜಿನ ಹಿಂದೆ ಹಳೆಯ ಗಾದಿ ಹಾಸಿದ್ದರು. ಆಪಾ ತಮ್ಮನ ಕೈಲಿ ಗರಡಿಯ ಒಂದು ಹಿಡಿ ಕೆಮ್ಮಣ್ಣು ತರಿಸಿ, ಪೈಲ್ವಾನರ ರೀತಿಯಂತೆ ತನ್ನ ಹಣೆಗೆ ಮುಟ್ಟಿಸಿಕೊಂಡು, ನನ್ನ ಅಂಗೈಗೂ ತಿಕ್ಕಿದಳು. ಸೀಟಿ ಊದಿದ್ದೇ ತಡ, ನಾನು ಹೆದರಿ ಆಕೆಯ ಸೊಂಟ ತಬ್ಬಿಕೊಂಡವಳು ಬಿಡಲೇ ಇಲ್ಲ. ಭಾರಿ ಪಟ್ಟು ಎಂದುಕೊಂಡು ಹುಡುಗರು ಚಪ್ಪಾಳೆ ಹೊಡೆದರು.

"ಬೀಳ ಬೇ ಹುಚ್ಚಿ."

"ಬೀಳಾಕ ಹೆದರಿಕಿ ಆಪಾ."

ಕೊನೆಗೆ ಕೂಸು ಮಲಗಿಸುವಂತೆ ನನ್ನನ್ನು ಎತ್ತಿ ಮಲಗಿಸಿದಳು. ನನಗೆ ದ್ವಿತೀಯ ಸ್ಥಾನ. ಕ್ರೀಡಾಲೋಕಕ್ಕೆ ನನ್ನ ಕೊಡುಗೆ ಅಷ್ಟೇ.

ಆಯ್ಕೆಗೆ ಹೋದಾಕೆ ಮರುದಿನವೇ ತಿರುಗಿ ಬಂದಳು. ಮೊದಲ ಸುತ್ತಿನಲ್ಲೇ ಚಿತ್ತಾಗಿದ್ದಳು.

"ಖರೇನ ಕುಸ್ತಿ ಬಲ್ಲಾಕಿ ಎದುರಿಗೆ ಬಂದಾಗ ಕೈ ಎಲ್ಲಿ ಹಾಕಬೇಕಂತ ತಿಳೀಲಿಲ್ಲ. ತಮ್ಮಂದಿರು ಬೇಕಂತ ಸೋಲತಿದ್ರು, ನೀನೂ ಸೋತಿ" ಎಂದು ದಣಿದ ನಗೆ ನಕ್ಕಳು. ಮರುವರ್ಷ ಆಕೆಯನ್ನು ಮುಧೋಳಕ್ಕೆ ನಿಕಾ ಮಾಡಿ ಕೊಟ್ಟರು. ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಳು.

ಎಷ್ಟೋ ವರ್ಷಗಳ ಮೇಲೆ ಜಮಖಂಡಿಯಲ್ಲಿ ಹೆಣ್ಣುಮಕ್ಕಳ ಕುಸ್ತಿ ನೋಡಲು ಇಬ್ಬರೂ ಹೋದೆವು. ಮೈಕಿನಲ್ಲಿ ಯಾರೋ ಎಳೆಯ ಹುಡುಗಿಯನ್ನು "ನಮ್ಮ ಭಾಗದ ಮೊದಲ ಮಹಿಳಾ ಪೈಲ್ವಾನ್" ಎಂದರು.

"ಹೋಗಿ ಹೇಳೂಣೇನ ಆಪಾ, ಮೊದಲ್ನೇದಾಕಿ ನೀ ಅಂತ?" ಎಂದೆ. ಹೂಂ ಅಂದರೆ ಏನು ಗತಿ ಎಂದು ಬೆವತೆ ಕೂಡ.

"ಕುಂದ್ರ ಬೇ, ಮೊಣಕಾಲ ನೋಯಾಕತ್ತಾವ. ಅಲ್ಲಿ ನೋಡ, ಆ ಹುಡಿಗಿ ಕೂಡ ಕುಸ್ತಿ ಹಿಡ್ಯಾಕ ಎಷ್ಟ ಮಂದಿ ಹುಡಿಗ್ಯಾರು ಪಾಳಿ ಹಚ್ಯಾರ."

ಕೊನೆಯ ಕುಸ್ತಿ ಮುಗಿಯುವವರೆಗೂ ಆಕೆ ಆ ಪಾಳಿಯ ಸಾಲಿನಿಂದ ಕಣ್ಣು ಕೀಳಲಿಲ್ಲ.

ಅದೇ ಮಳೆಗಾಲ ಕಾಮಾಲೆಯಾಗಿ ತೀರಿಕೊಂಡಳು. ನಾನು ಹೋದಾಗ ಮುಧೋಳದ ಓಣಿಯವರು "ಟೇಲರ್ ಆಪಾ ಹೋದ್ಲು ನೋಡ್ರಿ" ಎಂದರು.

"ಪೈಲ್ವಾನ್ ಆಪಾ" ಎಂದೆ. ಯಾರಿಗೂ ಕೇಳಿಸಿದಂತಿರಲಿಲ್ಲ. ಇನ್ನೊಮ್ಮೆ ಎಂದೆ.